ಹಿರಿಮಗನ ಸಹಿ

ಎಂಟು ತಿಂಗಳು ಹುಡುಕಿದ ಮೇಲೆ ನಮಗೆ ಒಪ್ಪುವಂಥದ್ದು ಸಿಕ್ಕಿದ್ದು ಅದೊಂದೇ ಅನುದಾನ. ವಾಸಿಯಾಗದ ಕಾಯಿಲೆಯ ಮುದುಕರನ್ನು ಮನೆಯಲ್ಲೇ, ನೋವಿಲ್ಲದಂತೆ ನೋಡಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡುವವರಿಗೆ ಪರದೇಶದ ಒಂದು ಸಂಸ್ಥೆ ಕೊಡುವಂಥದ್ದು. ಮಿಕ್ಕವು ನಮ್ಮಂಥವರಿಗಲ್ಲ. ಒಂದಕ್ಕೆ ಡಾಕ್ಟರೇಟ್ ಬೇಕು, ಇನ್ನೊಂದಕ್ಕೆ ವಿಶ್ವವಿದ್ಯಾಲಯದ ಮೊಹರು ಬೇಕು. ಒಂದು ಪ್ರಶಸ್ತಿಯ ಪ್ರಕಟಣೆಯನ್ನಂತೂ ನಾಲ್ಕು ದಿನ ಕಷ್ಟಪಟ್ಟು ಓದಿ ಮುಗಿಸಿದಾಗ ಅದರ ಕೊನೆಯ ದಿನಾಂಕ ಹಿಂದಿನ ವರ್ಷದ್ದಾಗಿತ್ತು.

ನಾನು ಸಾ ದೆಕ್ ಪಟ್ಟಣದ ಹತ್ತಿರದ ಕಾಲುವೆಯ ದಡದಲ್ಲಿರುವ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್. ಡಾಕ್ಟರ್ ಕ್ವೇ ಬಂದು ಎರಡು ವರ್ಷ. ವಯಸ್ಸಿನಲ್ಲಿ ನನ್ನ ಹಿರಿಮಗಳಿಗಿಂತ ತುಸು ದೊಡ್ಡವಳು, ಅಷ್ಟೇ. ಮಧ್ಯಾಹ್ನ ಊರೆಲ್ಲ ಉಂಡು ಮಲಗಿದಾಗ ನಾವು ಅರ್ಜಿಗೆ ಕೂರುತ್ತಿದ್ದೆವು. ಅವಳು ಇಂಗ್ಲಿಷಿನಲ್ಲಿ ಬರೆಯುವುದು, ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಹೇಳುವುದು.

"ಅಕ್ಕಾ, 'ಈ ಅಧ್ಯಯನದ ಅಗತ್ಯವೇನು' ಅಂತ ಕೇಳಿದಾರೆ."

"ಮಾರ್ಫಿನ್ ಬೇಕಾದ್ರೆ ಎರಡು ದೋಣಿ ದಾಟಿ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಹೋದವನು ತಿರುಗಿ ಬರೋವರೆಗೆ ಮುದುಕಿ ಹಲ್ಲು ಕಚ್ಚಿಕೊಂಡು ಮಲಗಿರ್ಬೇಕು ಅಂತ ಬರಿ."

"ಹಾಗೆಲ್ಲ ಬರೆಯೋ ಹಾಗಿಲ್ಲ."

"ಮತ್ತೆ ಅಗತ್ಯ ಏನೂಂತ ಯಾಕೆ ಕೇಳ್ತಾರೆ?"

ಅವಳು ನಕ್ಕು, ಅದನ್ನೇ ಅರ್ಜಿಗೆ ಒಗ್ಗುವ ಭಾಷೆಗೆ ತಿರುಗಿಸಿ ಬರೆದುಕೊಂಡಳು. ಅನುದಾನ ಬಂದರೆ ಔಷಧ ನಮ್ಮ ಕೇಂದ್ರದಲ್ಲೇ ಇರುತ್ತಿತ್ತು. ನಾನೇ ಸ್ಕೂಟರಿನಲ್ಲಿ ಮನೆಮನೆಗೆ ಒಯ್ಯಬಹುದಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅರ್ಜಿಯ ಜೊತೆಗೆ ಹನ್ನೊಂದು ಕಾಯಿಲಸ್ಥರ ಒಪ್ಪಿಗೆ ಪತ್ರ ಕಳಿಸಿದ್ದೆವು. ಎಲ್ಲ ಮನೆಗಳಿಗೂ ನಾನೇ ಹೋಗಿ ಸಹಿ ಹಾಕಿಸಿದ್ದೆ. ನಾನು ಕಾಗದ ಹೊರತೆಗೆಯುವ ಮೊದಲೇ ಆಯಾ ಮನೆಯ ಹಿರಿಮಗ ಜೇಬಿನಿಂದ ಪೆನ್ನು ತೆಗೆಯುತ್ತಿದ್ದ. ಆಪರೇಷನ್ನಿಗೂ ಅವನದೇ ಸಹಿ, ಆಸ್ಪತ್ರೆಯಿಂದ ಮನೆಗೆ ಕರೆತರುವುದಕ್ಕೂ ಅವನದೇ. ಹಿರಿಮಗ ಹಾಕಿದನೆಂದರೆ ಮನೆಯೇ ಹಾಕಿದಂತೆ. ನನಗಾಗಲಿ ಕ್ವೇಗಾಗಲಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಸಂಸ್ಥೆಯಿಂದ ಉತ್ತರ ಬಂತು. ಕೊನೆಯ ಸುತ್ತಿಗೆ ಬಂದಿದ್ದೀರಿ, ಆದರೆ ಈ ಹನ್ನೊಂದರಲ್ಲಿ ಒಂದೂ ಕಾಯಿಲಸ್ಥರ ಸ್ವಂತ ಸಹಿಯಲ್ಲ. ಎಚ್ಚರವಿರುವ ಮನುಷ್ಯನ ಪರವಾಗಿ ಇನ್ನೊಬ್ಬರು ಒಪ್ಪುವಂತಿಲ್ಲ. ಮೂರು ವಾರದೊಳಗೆ ಕನಿಷ್ಠ ಆರು ಜನರ ಸ್ವಂತ ಸಹಿ ಕಳಿಸಿ.

ಪಟ್ಟಿ ಹಿಡಿದು ಮತ್ತೆ ಹೊರಟೆ. ಐದು ಮನೆಗಳಲ್ಲಿ ನನ್ನ ಕಾಯಿಲಸ್ಥರು ಗೋಡೆಯ ಪೂಜಾಪೀಠದ ಮೇಲೆ ಪಟವಾಗಿ ಚೌಕಟ್ಟಿನೊಳಗೆ ಕೂತಿದ್ದರು. ಊದುಕಡ್ಡಿ ಹಚ್ಚಿ, ಕೊಟ್ಟ ಚಹಾ ಕುಡಿದು ಬಂದೆ. ಬದುಕಿದ್ದವರು ಸರಿಯಾಗಿ ಆರು ಜನ.

ಒಪ್ಪಿಗೆ ಪತ್ರದಲ್ಲಿ ಒಂದು ಸಾಲಿತ್ತು: "ನನ್ನ ಕಾಯಿಲೆ ವಾಸಿಯಾಗುವಂಥದ್ದಲ್ಲವೆಂದು ನನಗೆ ತಿಳಿಸಲಾಗಿದೆ." ಅದನ್ನು ಓದಿ ಹೇಳದೆ ಸಹಿ ಪಡೆಯುವಂತಿಲ್ಲ. ನಮ್ಮಲ್ಲಿ ಆ ಮಾತನ್ನು ಹೆತ್ತವರ ಮುಂದೆ ಆಡುವ ಮಗನಿಲ್ಲ. ಐದು ಮನೆಗಳಲ್ಲಿ ಮಕ್ಕಳ ಕೈಕಾಲು ಹಿಡಿದು ಹೇಗೋ ಒಪ್ಪಿಸಿದೆ. ಆರನೆಯದು ಏಳನೆಯಜ್ಜಿಯ ಮನೆ.

ಒಡಹುಟ್ಟಿದವರಲ್ಲಿ ಎಷ್ಟನೆಯವಳೆಂಬ ಲೆಕ್ಕದಲ್ಲಿ ಅವಳು ಊರಿಗೆಲ್ಲ ಏಳನೆಯಜ್ಜಿ. ಎಂಬತ್ತೊಂದು ವರ್ಷ. ನಲವತ್ತು ವರ್ಷ, ಹಬೆಯಲ್ಲಿ ಬೇಯಿಸಿ ಹಪ್ಪಳದಂತೆ ಒಣಗಿಸುವ ಅಕ್ಕಿ ಹಾಳೆ ಮಾಡಿ ಮಾರಿದವಳು. ಈಗ ಪಿತ್ತಕೋಶದ ಪಕ್ಕ ಗಡ್ಡೆ. ಮಗ ಲುಕ್, ಐವತ್ತಾರರವನು, ಅವಳಿಗೆ "ಲಿವರು ಸ್ವಲ್ಪ ಸುಸ್ತಾಗಿದೆ" ಎಂದು ಹೇಳಿಟ್ಟಿದ್ದ. ಅಕ್ಕಿ ಹಾಳೆ ಒಣಹಾಕಿದ ಬಿದಿರು ತಟ್ಟಿಗಳ ನಡುವೆಯೇ ನನ್ನನ್ನು ತಡೆದ.

"ನಾನು ಆಗಲೇ ಸಹಿ ಹಾಕಿದೀನಲ್ಲಕ್ಕ. ನನ್ನ ಸಹಿಗೇನು ಹುಳ ಹಿಡೀತಾ?"

"ಅಮ್ಮಂದೇ ಬೇಕಂತೆ ಕಣೋ."

"ಅವಳು ಯಾರ ಅಮ್ಮ? ಅವರ ಅಮ್ಮನಾ, ನನ್ನ ಅಮ್ಮನಾ?"

"ಲುಕ್, ಅವಳ ಎಪ್ಪತ್ತನೇ ವರ್ಷಕ್ಕೆ ನೀನೇ ಶವದ ಪೆಟ್ಟಿಗೆ ಮಾಡಿಸಿಕೊಟ್ಟೆ. ಊರಿಗೆಲ್ಲ ತೋರಿಸಿ ಮೆರೆದಳು. ಅದರಲ್ಲೇ ಅಕ್ಕಿ ತುಂಬಿಟ್ಟಿದಾಳೆ. ಸಾವು ಅಂದ್ರೆ ಅವಳಿಗೆ ಹೊಸದಾ?"

"ಪೆಟ್ಟಿಗೆ ಆಯಸ್ಸು ಹೆಚ್ಲಿ ಅಂತ ಮಾಡಿಸೋದು. ಇದು ಬೇರೆ." ಅವನು ಒಂದು ಹಾಳೆಯನ್ನು ತಟ್ಟಿಯಿಂದ ಬಿಡಿಸಲು ಹೋಗಿ ಹರಿದುಬಿಟ್ಟ. "ಗೊತ್ತಾದ ದಿನವೇ ಅವಳು ಊಟ ಬಿಡ್ತಾಳೆ. ನನಗೆ ಇನ್ನೆರಡು ತಿಂಗಳು ಅಮ್ಮ ಬೇಕಕ್ಕ. ಹೋಗು."

ನಾನು ಬಂದುಬಿಟ್ಟೆ. ಮೂರು ವಾರದಲ್ಲಿ ನಾಲ್ಕು ದಿನ ಉಳಿದಿತ್ತು. ಆ ನಾಲ್ಕರಲ್ಲಿ ಒಂದು ದಿನ ಲುಕ್ ದೋಣಿಯಲ್ಲಿ ಸಂತೆಗೆ ಹೋಗುತ್ತಾನೆಂದು ನನಗೆ ಗೊತ್ತಿತ್ತು. ಆ ದಿನವೇ ಹೋದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಜ್ಜಿ ಎರಡು ಕಂಬಗಳ ನಡುವೆ ಕಟ್ಟಿದ ಜೋಳಿಗೆ ಮಂಚದಲ್ಲಿ ಮಲಗಿದ್ದಳು. ಕಣ್ಣಿನ ಬಿಳುಪು ಅರಿಸಿನವಾಗಿತ್ತು.

"ಬಾರೇ. ಏನು, ಕಾಲುವೇಲಿ ಇಷ್ಟು ನೀರು ತುಂಬಿದ್ರೂ ನಿನ್ನ ಮುಖ ಬತ್ತಿಹೋಗಿದೆ?"

"ಅಜ್ಜಿ, ಒಂದು ಕಾಗದ ಓದ್ಬೇಕು. ನೀವು ಕೇಳಿ, ಇಷ್ಟ ಇದ್ರೆ ಹೆಬ್ಬೆಟ್ಟು ಒತ್ತಬೇಕು. ಇಲ್ಲಾಂದ್ರೆ ಬೇಡ."

"ಲುಕ್‌ಗೆ ಗೊತ್ತಾ ನೀನು ಬಂದಿದ್ದು?"

"ಇಲ್ಲ."

"ಓದು," ಅಂದಳು.

ಆ ಸಾಲನ್ನು ಹಾರಿಸಬಹುದಿತ್ತು. ಅವಳಿಗೆ ಅಕ್ಷರ ಬಾರದು. ಹೆಬ್ಬೆಟ್ಟು ಸಿಗುತ್ತಿತ್ತು, ಲುಕ್‌ನ ಮಾತೂ ಉಳಿಯುತ್ತಿತ್ತು. ನಾಲಿಗೆ ಅಲ್ಲಿಗೆ ಬಂದಾಗ ನಿಂತಿತು. ಮತ್ತೆ, ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಹೊರಗೆ ಯಾರದೋ ಬಾತುಕೋಳಿಗಳು ಕೂಗಿಕೊಂಡು ಹೋದವು. ಅಜ್ಜಿ ಕೇಳಿದಳು, "ಟೆಟ್ ಹಬ್ಬದವರೆಗೆ ಇರ್ತೀನಾ?"

ಹೊಸವರ್ಷದ ಆ ಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿತ್ತು.

"ಇಲ್ಲ ಅಜ್ಜಿ."

"ಹಾಗಾದ್ರೆ ಈ ಸಲ ಹಬ್ಬಕ್ಕೆ ಈರುಳ್ಳಿ ಉಪ್ಪಿನಕಾಯಿ ಹಾಕೋ ಕೆಲಸ ಇಲ್ಲ. ಒಳ್ಳೇದೇ ಆಯ್ತು, ಸುಲಿದು ಸುಲಿದು ಕಣ್ಣು ಹೋಗುತ್ತೆ." ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. "ಇದನ್ನ ಒತ್ತಿದ್ರೆ ನನ್ನ ನೋವು ಕಮ್ಮಿಯಾಗುತ್ತಾ?"

"ನಿಮ್ಮದಲ್ಲ. ಮುಂದೆ ಬರೋರದ್ದು."

"ಅದನ್ನಾದ್ರೂ ನಿಜ ಹೇಳಿದೆ. ಎಲ್ಲಿ, ಮಸಿ ಕೊಡು."

ನಲವತ್ತು ವರ್ಷ ಸುಡುವ ಹಾಳೆ ಎತ್ತಿ ಎತ್ತಿ ಅವಳ ಹೆಬ್ಬೆರಳಿನ ಗೆರೆಗಳೇ ಸವೆದಿದ್ದವು. ಮೂರು ಸಲ ಒತ್ತಿಸಿದರೂ ಕಾಗದದ ಮೇಲೆ ಬಂದದ್ದು ಬರೀ ಒಂದು ನೀಲಿ ಮಚ್ಚೆ. "ಇದೇ ನಾನು ಅಂತ ಹೇಳು ಅವರಿಗೆ," ಅಂದಳು. ಬೆರಳನ್ನು ಒರೆಸಿದೆ, ಮಸಿ ಪೂರ್ತಿ ಹೋಗಲಿಲ್ಲ.

ಎದ್ದು ಹೊರಟಾಗ ನನ್ನ ಅಂಗಿಯ ತುದಿ ಹಿಡಿದಳು. "ನನಗೆ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡ. ಸುಳ್ಳು ಹೇಳೋಕೆ ದಿನಾ ಎಷ್ಟು ಕಷ್ಟಪಡ್ತಾನೆ ಪಾಪ. ಚಿಕ್ಕಂದಿನಲ್ಲೂ ಅವನಿಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ."

ನಾನು ಹೇಳಲಿಲ್ಲ.

ಅಜ್ಜಿ ಆಮೇಲೆ ಹತ್ತೊಂಬತ್ತು ದಿನ ಇದ್ದಳು. ಊಟ ಬಿಡಲಿಲ್ಲ. ಮಗ ಕೊಟ್ಟ ಗಂಜಿಯನ್ನು ಬೇಡವೆನ್ನದೆ ನುಂಗಿದಳು. ಲುಕ್ ಔಷಧಕ್ಕೆಂದು ಎರಡು ಸಲ ದೋಣಿ ದಾಟಿದ. ಎರಡನೆಯ ಸಲ ಅವನು ತರುವ ಹೊತ್ತಿಗೆ ಅವಳಿಗೆ ಅದರ ಅಗತ್ಯ ಮುಗಿದಿತ್ತು. ಆ ಕೊನೆಯ ಆರು ಗಂಟೆ ನಾನು ಅವಳ ಪಕ್ಕದಲ್ಲಿದ್ದೆ, ಬೀಸಣಿಗೆ ಬೀಸುವುದು ಬಿಟ್ಟು ನನ್ನಿಂದ ಬೇರೇನೂ ಆಗಲಿಲ್ಲ.

ಒಂದು ತಿಂಗಳ ನಂತರ ಪತ್ರ ಬಂತು. ಅನುದಾನ ಮಂಜೂರಾಗಿತ್ತು. ಕ್ವೇ ಓದಿ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಒಲೆಯ ಮೇಲಿದ್ದ ಮೀನು ಸೀದುಹೋಗುತ್ತದೆಂದು ಒಳಗೆ ಹೋದೆ.

ಅಜ್ಜಿ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆಗೆ ಲುಕ್ ಕರೆದಿದ್ದ. ಉಂಡ ತಟ್ಟೆಗಳನ್ನು ಕಾಲುವೆಯ ಮೆಟ್ಟಿಲಲ್ಲಿ ತೊಳೆಯುತ್ತಿದ್ದೆ. ಅವನು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ನಿಮಗೆ ಸಿಕ್ತಂತಲ್ಲ."

"ಹೂಂ. ಲುಕ್, ನಾನು ಆವತ್ತು—"

"ಗೊತ್ತು. ಸಂತೆಯಿಂದ ಬಂದ ಸಂಜೆನೇ ನೋಡ್ದೆ, ಹೆಬ್ಬೆರಳಲ್ಲಿ ನೀಲಿ ಇತ್ತು. ಅವಳು ನಿದ್ದೆ ಹೋದಾಗ ನಿಂಬೆಹಣ್ಣು ಹಾಕಿ ತಿಕ್ಕಿ ತೆಗೆದೆ."

ನನ್ನ ಕೈಯಲ್ಲಿದ್ದ ತಟ್ಟೆ ನೀರಿಗೆ ಜಾರಿತು. ಅವನೇ ಹಿಡಿದು ಕೊಟ್ಟ.

"ಮತ್ತೆ ಯಾಕೆ ಸುಮ್ಮನಿದ್ದೆ?"

"ಅವಳು ಸುಮ್ಮನಿದ್ಲಲ್ಲ. ನಾನು 'ಮುಂದಿನ ತಿಂಗಳು ಎದ್ದು ಓಡಾಡ್ತೀಯ ಅಮ್ಮ' ಅನ್ನೋದು, ಅವಳು 'ಹೂಂ ಕಣೋ' ಅನ್ನೋದು. ಇಬ್ಬರೂ ನಾಟಕದವರ ಹಾಗೆ." ಅವನು ನೀರಿನ ಕಡೆ ನೋಡುತ್ತಿದ್ದ. "ನನಗೊಬ್ಬಳು ತಂಗಿ ಇದ್ಲು, ಗೊತ್ತಾ? ಒಂದೂವರೆ ವರ್ಷದವಳು. ಯುದ್ಧದ ಸಮಯ, ಊರು ಬಿಟ್ಟು ಓಡುವಾಗ ಜ್ವರ ಬಂದು ಹೋದ್ಲು. ದಾರೀಲೇ ಎಲ್ಲೋ ಅಮ್ಮ ಒಬ್ಬಳೇ ಮಣ್ಣು ಮಾಡಿ ಬಂದ್ಲು. ನಾನಿನ್ನೂ ಚಿಕ್ಕವನು, ಅಪ್ಪ ಊರಲ್ಲೇ ಇರ್ಲಿಲ್ಲ. ಜಾಗ ಅವಳಿಗೊಬ್ಬಳಿಗೇ ಗೊತ್ತಿತ್ತು. ಮೂಳೆ ತಂದು ಅಮ್ಮನ ಪಕ್ಕ ಇಡ್ಬೇಕು ಅಂತ ನನಗೆ ಎಷ್ಟು ವರ್ಷದ ಆಸೆ. ಆದರೆ ಹೇಗೆ ಕೇಳ್ಲಿ? ಎಲ್ಲಿದೆ ಹೇಳಮ್ಮ ಅಂದ್ರೆ, ನೀನು ಹೋಗ್ತಾ ಇದ್ದೀಯ ಅಂದ ಹಾಗೇ ಅಲ್ವಾ?"

ನಾನು ತೊಳೆದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟೆ.

"ಹತ್ತೊಂಬತ್ತು ದಿನ ಇತ್ತಕ್ಕ. ದಿನಾ ಬೆಳಗ್ಗೆ ಇವತ್ತು ಕೇಳ್ತೀನಿ ಅಂದ್ಕೋತಿದ್ದೆ."

"ತಪ್ಪು ನಂದು," ಅಂದೆ. "ನಿನ್ನ ಕಣ್ಣು ತಪ್ಪಿಸಿ ಬರಬಾರದಿತ್ತು."

"ಬಂದಿದ್ದು ತಪ್ಪಲ್ಲ. ನನ್ನನ್ನ ಬಿಟ್ಟು ಓದಿದ್ದು ತಪ್ಪು. ನಾನು ಕೂಗಾಡ್ತಿದ್ದೆ, ನಿನ್ನ ಕಾಗದ ಹರಿದು ಕಾಲುವೆಗೆ ಎಸೀತಿದ್ದೆ. ಆದ್ರೂ ಆಮೇಲೆ ಅಲ್ಲೇ ಕೂತಿರ್ತಿದ್ದೆ. ಇನ್ನೆಲ್ಲಿಗೆ ಹೋಗ್ತಿದ್ದೆ?"

ಕ್ವೇಗೆ ಇದನ್ನು ಹೇಳಿದೆ. ಕಾಗದ ಓದುವಾಗ ಮಕ್ಕಳೂ ಜೊತೆಗಿರಬೇಕು ಎಂದು ಯೋಜನೆ ಬದಲಿಸೋಣ ಅಂದೆ. ಮಂಜೂರಾದ ಮೇಲೆ ಬದಲಿಸಬೇಕಾದರೆ ಕಾರಣ ಬರೆಯಬೇಕು ಅಂದಳು. ಏನೆಂದು ಬರೆಯಲಿ ಎಂದು ನನ್ನನ್ನೇ ಕೇಳಿದಳು. ಲುಕ್‌ನ ತಂಗಿಯ ವಿಷಯ ಆ ಸಂಸ್ಥೆಯವರಿಗೆ ಹೇಳುವ ಮನಸ್ಸು ನನಗಾಗಲಿಲ್ಲ. "ಅನುಭವದಿಂದ ತಿಳಿದದ್ದು" ಎಂದಷ್ಟೇ ಬರೆದಳು. ಅವರು ಒಪ್ಪಿದರು.

ಔಷಧದ ಪೆಟ್ಟಿಗೆ ಬಂದ ವಾರದಲ್ಲೇ ಹೊಸ ಪಟ್ಟಿಯ ಮೊದಲ ಮನೆಗೆ ಹೋದೆ. ಕಾಲುವೆಯ ಆಚೆ ಮಾವಿನ ತೋಟದ ಥೂವೊಂಗ್ ಮುದುಕ, ಶ್ವಾಸಕೋಶದ ಕ್ಯಾನ್ಸರ್. ಹಿರಿಮಗ ಬಾಗಿಲಲ್ಲೇ ಪೆನ್ನು ಹಿಡಿದು ನಿಂತಿದ್ದ.

"ಎಲ್ಲಿ ಹಾಕ್ಬೇಕಕ್ಕ ಸಹಿ?"

"ಸಹಿ ಆಮೇಲೆ. ಬಾ, ಒಳಗೆ ಕೂತ್ಕೋ."

"ನನಗೆ ಕೆಲಸ ಇದೆ."

"ಇರಲಿ. ಕೂತ್ಕೋ."

ಅವನು ಅಪ್ಪನ ಕಾಲ ಬಳಿ ಕೂತ. ನಾನು ಓದಿದೆ. ಆ ಸಾಲು ಬಂದಾಗ ಅವನು ಎದ್ದು ನಿಂತು, "ಯಾಕಕ್ಕ, ಯಾಕೆ?" ಎಂದು ಕಿರುಚಿ ಹೊರಗೆ ನಡೆದ. ತೋಟದಲ್ಲಿ ಏನನ್ನೋ ಒದ್ದ ಸದ್ದು ಕೇಳಿಸಿತು. ಮುದುಕ ಕಣ್ಣು ಮುಚ್ಚಿ ಏದುಸಿರು ಬಿಡುತ್ತಿದ್ದ. ನಾನು ಕಾದೆ. ಬಹಳ ಹೊತ್ತಿನ ಮೇಲೆ ಮಗ ಕೆಂಪು ಕಣ್ಣು ಮಾಡಿಕೊಂಡು ಬಂದು ಅಲ್ಲೇ ಕೂತ.

ಮುದುಕ ಕಣ್ಣು ತೆರೆಯದೆ ಅಂದ, "ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳೋ."

ಮಗ ತೋಳಿನಿಂದ ಮೂಗು ಒರೆಸಿಕೊಂಡ. "ಹಿಂದಿನ ಸಾಲಿನ ಮರಗಳಿಗೆ... ಕಾಯಿ ಕಚ್ಚೋ ಮೊದಲು ಎಷ್ಟು ದಿನ ನೀರು ಹಾಯ್ಸೋದು ನಿಲ್ಲಿಸ್ತೀಯಪ್ಪ? ನೀನು ಯಾವತ್ತೂ ಹೇಳೇ ಇಲ್ಲ."

"ಕತ್ತೆ. ಹದಿನೈದು ಸಲ ಹೇಳಿದೀನಿ," ಅಂದ ಮುದುಕ. ಮತ್ತೆ ಮೊದಲಿನಿಂದ, ಒಂದೊಂದು ಮರದ ಗುಣವನ್ನೂ ಉಸಿರು ನಿಲ್ಲಿಸಿ ನಿಲ್ಲಿಸಿ ಹೇಳತೊಡಗಿದ. ಮಗ ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ. ಆ ದಿನ ಸಹಿ ಆಗಲಿಲ್ಲ.