ಮೂರನೆಯ ಸಾಲು

ನಾನು ಮಾತು ಕಲಿಸಿದ ಮೇಲೆ ಒಂದು ಕಲ್ಲಿನ ಕಂಬ ಎರಡು ಹೆಜ್ಜೆ ಮುಂದೆ ಬಂದು ತನ್ನ ಪರಿಚಯ ಹೇಳಿಕೊಂಡಿದೆ. ಚಪ್ಪಾಳೆ ಬಿದ್ದಾಗ ನಾಚಿಕೊಂಡು ಹಿಂದೆ ಸರಿದು ಮತ್ತೆ ಕಂಬವಾಯಿತು, ಅದು ಬೇರೆ ವಿಷಯ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ನನ್ನ ತರಗತಿಯಲ್ಲಿ ಹದಿನೆಂಟು ವರ್ಷದಿಂದ ಲಕ್ಷ ಜನರ ಸಭಾಕಂಪವನ್ನು ಕಿತ್ತು ಕಿಟಕಿಯಿಂದಾಚೆ ಎಸೆದಿದ್ದೇನೆ. ಕೆಳಗಿನ ರಿಪೇರಿಯವನು ದಿನಾ ಬೆಳಿಗ್ಗೆ ಗುಡಿಸುವುದು ಅದನ್ನೇ.

ನನ್ನ ವಿದ್ಯೆ ಸರಳ. ಪರಿಚಯಕ್ಕೆ ಮೂರೇ ಸಾಲು: ನಾನು ಯಾರು, ನನ್ನ ಕೆಲಸವೇನು, ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿ. ಮೂರನೆಯದು ಹೊರಬಿದ್ದರೆ ಭಯವೂ ಅದರ ಬೆನ್ನಿಗೇ ಹೊರಬೀಳುತ್ತದೆ. ಗಿರಾಕಿ ಕಂಡರೆ ಬೆವರುತ್ತಿದ್ದ ಬಟ್ಟೆ ಅಂಗಡಿಯ ಸೇಲ್ಸ್‌ಮನ್ ಒಬ್ಬ, "ನನಗೆ ಕೆಂಪೂ ಹಸಿರೂ ಒಂದೇ ಥರ ಕಾಣ್ಸುತ್ತೆ!" ಎಂದು ಇಲ್ಲಿ ಕೂಗಿದ ಮೇಲೆ ಎಂಥ ವಾಚಾಳಿಯಾದನೆಂದರೆ, ಈಗ ಗಿರಾಕಿಗಳು ಅವನನ್ನು ಕಂಡರೆ ಬೆವರುತ್ತಾರೆ.

ಒಂದು ಸೋಮವಾರ ಸಂಜೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಕೈಚೀಲವನ್ನು ಎದೆಗೆ ಅವಚಿಕೊಂಡಿದ್ದಳು.

"ಮೇಷ್ಟ್ರೇ, ಐದು ವಾರದಲ್ಲಿ ನನಗೆ ಮಾತು ಬರಬೇಕು."

"ಐದು ವಾರ ಯಾಕಮ್ಮಾ, ಐದು ದಿನ ಸಾಕು! ಏನು, ಭಾಷಣಾನಾ?"

"ಅಲ್ಲ, ವಿಚಾರಣೆ. ನಮ್ಮನೆಯವರು ಬ್ರೆಡ್ ಕಾರ್ಖಾನೇಲಿ ಹಿಟ್ಟು ಕಲಸೋ ಯಂತ್ರದ ಮೇಲಿದ್ರು. ಇಪ್ಪತ್ತು ವರ್ಷದ ಹಿಂದೆ ಬಲಗೈ ಹೋಯ್ತು. ಯಂತ್ರದ ಮುಚ್ಚಳ ತೆಗೆಸಿದ್ದು ಸೂಪರ್‌ವೈಸರು, ಬೇಗ ಬೇಗ ಕೆಲಸ ಆಗ್ಲಿ ಅಂತ. ಇವರೇ ತೆಗೆದ್ರು ಅಂತ ಬರೆದು ಮನೆಗೆ ಕಳಿಸಿದ್ರು. ಈಗ ಲೇಬರ್ ಆಫೀಸಿನೋರು ಮತ್ತೆ ಫೈಲ್ ತೆಗೆದಿದ್ದಾರೆ. ಇವರದ್ದು ತಪ್ಪಿಲ್ಲ ಅಂತ ಒಂದು ಸಲ ಆಫೀಸಿನೋರ ಬಾಯಲ್ಲಿ ಬಂದ್ರೆ ಸಾಕು, ಇವರು ತಲೆ ಎತ್ತಿ ಬೀದಿಗೆ ಬರ್ತಾರೆ."

"ನಿಮ್ಮನೆಯವರೇ ಮಾತಾಡ್ಬಹುದಲ್ಲ?"

"ಅವರು ಮಾತಾಡೋದು ಬಿಟ್ಟು ಬಹಳ ದಿನ ಆಯ್ತು."

ನನಗೆ ಕೆಮ್ಮು ಬಂತು. ನೀರು ಕುಡಿದು, "ಕೈಚೀಲ ಕೆಳಗಿಡಿ, ಧ್ವನಿ ಹೊಟ್ಟೆಯಿಂದ ಬರಲಿ," ಎಂದೆ.

ಐದು ವಾರ ಅವಳನ್ನು ಅರೆದೆ. ಪಾದ ಅಲುಗಬಾರದು, ಕಣ್ಣು ನೆಲ ನೋಡಬಾರದು. "ಜೋರಾಗಿ ಅಮ್ಮಾ, ಹಿಂದಿನ ಬೆಂಚಿಗೆ ಕೇಳಿಸ್ತಿಲ್ಲ!" ಎಂದು ದಿನಕ್ಕೆ ಸಾವಿರ ಸಲ ಕಿರುಚಿದೆ. ಕೊನೆಕೊನೆಗೆ ಕೆಳಗಿನಿಂದ ರಿಪೇರಿಯವನು ಕೂಗುತ್ತಿದ್ದ: "ಮೇಷ್ಟ್ರೇ, ಆ ಯಮ್ಮ ಮಾತಾಡಿದ್ರೆ ಟ್ಯೂಬುಗಳು ತಾವಾಗೇ ಗಾಳಿ ತುಂಬ್ಕೊಳ್ತಾವೆ!" ಆದರೆ ಪರಿಚಯ ಮಾತ್ರ ಎರಡನೆಯ ಸಾಲಿಗೆ ನಿಲ್ಲುತ್ತಿತ್ತು. "ಮೂರನೇದು ಕೊನೆಗೆ ಹೇಳ್ತೀನಿ," ಎನ್ನುತ್ತಿದ್ದಳು.

ವಿಚಾರಣೆಯ ಮಾರನೆಯ ದಿನ ತರಗತಿ ತುಂಬಿತ್ತು; ಬಟ್ಟೆ ಅಂಗಡಿಯ ಸೇಲ್ಸ್‌ಮನ್ ಕೂಡ ಬಂದಿದ್ದ. ಅವಳು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ನಾನು ಎರಡೂ ಕೈ ಎತ್ತಿದೆ. "ಬನ್ನಿ, ಬನ್ನಿ! ನಿನ್ನೆ ಆ ಕಟ್ಟಡದ ಗಾರೆ ಉದುರಿರಬೇಕಲ್ಲ?"

ಅವಳು ನೇರವಾಗಿ ಮುಂದೆ ಬಂದು, ನಾನು ಕಲಿಸಿದಂತೆಯೇ ನಿಂತಳು.

"ನಾನು ಹಿಟ್ಟಿನ ಯಂತ್ರದವರ ಹೆಂಡತಿ. ಬಟ್ಟೆ ಹೊಲೀತೀನಿ. ನಿನ್ನೆ ಒಂದು ಕಡೆಯೂ ತಡವರಿಸದೆ ಮಾತಾಡ್ದೆ. ಎಲ್ಲಾ ಕೇಳಿ, ಕಣ್ಣಾರೆ ಕಂಡವರು ಇದ್ದಾರಾ ಅಂದ್ರು. ಇದ್ದಾರೆ, ಆದ್ರೆ ಬಂದಿಲ್ಲ ಅಂದೆ. ಫೈಲ್ ಮುಚ್ಚಿದ್ರು."

ಅವಳು ನನ್ನ ಕಡೆ ತಿರುಗಿದಳು.

"ಇನ್ನು ಮೂರನೇದು. ನನಗೆ ಮಾತು ಮೊದಲೇ ಬರ್ತಿತ್ತು ಮೇಷ್ಟ್ರೇ. ಕೆಳಗೆ ಬೋರ್ಡಲ್ಲಿ ನಿಮ್ಮ ಹೆಸರು ನೋಡ್ದೆ. ನಿಮಗೆ ಮಾತು ಬಂದಿದೆಯಾ ಅಂತ ನೋಡೋಕೆ ಐದು ವಾರ ಹತ್ತಿ ಇಳಿದೆ."

ಸೇಲ್ಸ್‌ಮನ್ ತಡೆಯಲಾರದೆ ಕೇಳಿದ: "ಅಲ್ಲಕ್ಕಾ, ಕಂಡವರು ಮೇಷ್ಟ್ರೇ ಅಂದ್ರೆ, ಬಂದು ಹೇಳಿ ಅಂತ ನೇರವಾಗಿ ಕೇಳ್ಬಹುದಿತ್ತಲ್ಲ?"

"ಇಪ್ಪತ್ತು ವರ್ಷದ ಹಿಂದಿನ ವಿಚಾರಣೇಲಿ ನೇರವಾಗೇ ಕೇಳಿದ್ರಲ್ಲಪ್ಪಾ."

ಅವನು ನನ್ನತ್ತ ನೋಡಿದ. "ಏನಿದು ಮೇಷ್ಟ್ರೇ? ಹೇಳಿ. ಮೂರೇ ಸಾಲು ತಾನೆ?"

ಕಂಬದ ಕಥೆ ಸುಳ್ಳು. ಲಕ್ಷವೂ ಸುಳ್ಳು, ರಿಜಿಸ್ಟರಿನಲ್ಲಿರುವುದು ನಾನೂರ ಹನ್ನೆರಡು ಜನ. ನಾನು ಆ ಕಾರ್ಖಾನೆಯಲ್ಲಿ ಇವಳ ಗಂಡನ ಪಕ್ಕದಲ್ಲೇ ಕೆಲಸಕ್ಕಿದ್ದವನು. ಅಂದಿನ ವಿಚಾರಣೆಯಲ್ಲಿ, ನೀವು ಯಾರು, ಏನು ನೋಡಿದಿರಿ ಎಂದು ಕೇಳಿದಾಗ ಕೆಮ್ಮಿದೆ, ನೀರು ಕೇಳಿದೆ, ಏನೂ ನೋಡಿಲ್ಲವೆಂದು ತಲೆಯಾಡಿಸಿ ಕುಳಿತೆ. ಅವನು ಮೊಂಡುಗೈಗೆ ಬಟ್ಟೆ ಸುತ್ತಿಕೊಂಡು ಎದುರಿಗಿದ್ದ. ಇವಳು ಯಾರೆಂದು ಮೊದಲ ಸೋಮವಾರವೇ ಗೊತ್ತಾಗಿತ್ತು. ಗೊತ್ತಾಗಿಯೂ ಐದು ವಾರ ಅವಳ ಪಾದ ತಿದ್ದಿದೆ.

ಇಷ್ಟು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದ ಒಂದು ಸಾಲು ನನ್ನ ಬಳಿ ಇತ್ತು. ಅದನ್ನು ಹೇಳಿದೆ.

"ಜೋರಾಗಿ ಮೇಷ್ಟ್ರೇ," ಎಂದಳು. "ಹಿಂದಿನ ಬೆಂಚಿಗೆ ಕೇಳಿಸ್ತಿಲ್ಲ."

"ಸೂಪರ್‌ವೈಸರು ಬರೀ ಹೇಳಿದ್ದು. ಮುಚ್ಚಳದ ಸ್ಕ್ರೂ ಬಿಚ್ಚಿದ್ದು ನಾನು."

ನಾಲ್ಕೇ ಸ್ಕ್ರೂ. ಎಣಿಸಿ ಜೇಬಿಗೆ ಹಾಕಿಕೊಂಡಿದ್ದೆ.