ನಲ್ಲಿಯೊಳಗಿನ ತೊಗಲು

ನಮ್ಮನೆಯವರು ಮಧುಗಿರಿ ಮುನಿಸಿಪಾಲಿಟಿಲಿ ಮೆಂಬರಾಗಿದ್ದಷ್ಟು ದಿನವೂ ಒಂದೇ ಜಪ: ಕೆರೆಯಂಗಳದ ಸಿಹಿನೀರನ್ನ ಪೈಪಿನಲ್ಲಿ ಊರೊಳಕ್ಕೆ ತರಬೇಕು. ನಮ್ಮ ಬೀದಿ ಬಾವಿಗಳೋ, ಬರೀ ಉಪ್ಪು. ಬೇಳೆ ಬೇಯಲ್ಲ. ಸರಿ, ತರಲಿ. ಆದರೆ ಸರ್ಕಾರದ ಸಾಲ ತಗೊಂಡು, ಮನೆಮನೆಗೂ ನೀರಿನ ಕಂದಾಯ ಹಾಕಿ, ಮೂವತ್ತು ವರ್ಷ ಕಂತು ಕಟ್ಟಬೇಕಂತೆ! ಊರು ಉರಿದುಬಿತ್ತು.

"ನಾಗಲಿಂಗಯ್ಯನೋರೇ, ಮೂವತ್ತು ವರ್ಷಕ್ಕೆ ನಾವೇ ಇರಲ್ಲ, ಯಾರ ನೀರಿಗೆ ಯಾರು ಕಟ್ಟೋದು?" ಅಂತ ಎದುರುಮನೆ ಚಿಕ್ಕರಂಗಯ್ಯ ಜಗಲಿ ಮೇಲೆ ನಿಂತು ಕೂಗಾಡಿದ.

"ಊರಿರುತ್ತಲ್ಲಪ್ಪ," ಅಂದ್ರು ಇವರು.

ಸಭೇಲಿ ಒಂದೇ ಒಂದು ಓಟಿನಲ್ಲಿ ಗೆದ್ರು. ಆವತ್ತಿಂದ ನಮ್ಮ ಹೊಸ್ತಿಲು ತುಳಿದೋರಿಲ್ಲ. ಅರಿಶಿನ ಕುಂಕುಮಕ್ಕೂ ನನ್ನ ಕರೀಲಿಲ್ಲ. ಮಕ್ಕಳಿಲ್ಲದ ಮನೆ, ಇಬ್ಬರೇ ಮುಖ ಮುಖ ನೋಡ್ಕೊಂಡು ಕೂತಿರ್ತಿದ್ವಿ.

ಹೋಗಲಿ, ನಾನಾದ್ರೂ ಇವರ ಕಡೆ ನಿಂತೆನಾ? ನಲ್ಲಿ ಒಳಗೆ ತೊಗಲಿರುತ್ತೆ ಅಂತ ಮಠದಲ್ಲಿ ಯಾರೋ ಅಂದ್ರು. ತೊಗಲು ಮುಟ್ಟಿದ ನೀರನ್ನ ಲಿಂಗಕ್ಕೆ ಎರೆಯೋದು ಹೆಂಗೆ, ಕುಡಿಯೋದು ಹೆಂಗೆ? ಇವರು ಇಂಜಿನಿಯರನ್ನೇ ಕೇಳ್ಕೊಂಡು ಬಂದ್ರು.

"ಇದೆ ಕಣೇ ಶಿವರುದ್ರಿ. ನೀರು ಸೋರದ ಹಾಗೆ ಒಂದು ಬಿಲ್ಲೆಯಷ್ಟು ಹಾಕ್ತಾರೆ."

ಇಲ್ಲ ಅಂದಿದ್ರೆ ನಂಬ್ತಿದ್ದೆ. ಸುಳ್ಳು ಹೇಳೋಕೇ ಬರ್ತಿರಲಿಲ್ಲ ಆ ಮನುಷ್ಯಂಗೆ.

"ಹಂಗಾದ್ರೆ ನಿಮ್ಮ ನೀರು ನಿಮಗೇ ಇರಲಿ. ನನ್ನ ಬಾಯಿಗೆ ಒಂದು ಹನಿ ಬೀಳಲ್ಲ," ಅಂತ ಬೀದಿಗೆಲ್ಲ ಕೇಳೋ ಹಂಗೆ ಅಂದುಬುಟ್ಟೆ. ಊರೆಲ್ಲ ಬೈದು ಕಳಿಸಿದ ದಿನವೂ ಹೊಟ್ಟೆತುಂಬ ಉಣ್ತಿದ್ದೋರು, ಆವತ್ತು ಅರ್ಧ ಊಟಕ್ಕೇ ಎದ್ದುಹೋದ್ರು.

ಪೈಪು ಹೂಳೋ ಕಾಲುವೆ ನಮ್ಮ ಬೀದಿಗೆ ಬರೋ ಹೊತ್ತಿಗೆ ಇವರು ಜ್ವರ ಬಂದು ಹೋಗ್ಬುಟ್ರು.

ಹೋದ ಸೋಮವಾರ ಬೀದಿ ನಲ್ಲೀಲಿ ನೀರು ಬಿಟ್ರು. ಮೊದಲ ಕೊಡ ಹಿಡಿದೋಳು ಯಾರು ಅಂತೀರಿ? ಚಿಕ್ಕರಂಗಯ್ಯನ ಹೆಂಡತಿ! ಕಿಟಕಿಯಿಂದ ನೋಡ್ತಾನೇ ಇದ್ದೆ. ನಗು, ಗದ್ದಲ, ನನ್ನ ಕೊಡ ಮುಂದೆ, ನನ್ನ ಕೊಡ ಮುಂದೆ ಅಂತ ಜಗಳ. ಇವರ ಹೆಸರೆತ್ತಿದೋರು ಒಬ್ಬರಿಲ್ಲ. ಹೊಟ್ಟೆ ಉರಿದುಹೋಯ್ತು.

ಮಧ್ಯಾಹ್ನ ಬೀದಿ ಖಾಲಿಯಾದ ಮೇಲೆ ಹೋದೆ. ತಿರುಗಿಸಿ, ಬೊಗಸೆ ಒಡ್ಡಿ ಕುಡಿದೆ. ಅಯ್ಯೋ ಶಿವನೇ, ಎಷ್ಟು ಸಿಹಿ! ಅವರು ಉಪ್ಪುನೀರು ಕುಡಿದೇ ಹೋದ್ರಲ್ಲ ಅಂತ ಅಳು ಬಂತು.

"ಏನಮ್ಮ, ಕುಡಿಯಲ್ಲ ಅಂದಿದ್ರಂತೆ?" ಜಗಲಿ ಮೇಲಿಂದ ಚಿಕ್ಕರಂಗಯ್ಯ ಕೇಳಿದ.

"ನನ್ನ ಗಂಡ ತಂದ ನೀರು ಕಣಯ್ಯ. ನಾನು ಕುಡೀದೆ ಇನ್ಯಾರು ಕುಡೀಬೇಕು?" ಅಂದೆ.

ಅವನು ತಲೆ ತಗ್ಗಿಸ್ಕೊಂಡು ಒಳಗೆ ಹೋದ. ಬೀದೀಲಿ ಒಬ್ಬಳೇ ನಿಂತಿದ್ದೆ. ಆ ಮಾತನ್ನ ಒಂದೇ ಒಂದು ಸಲ ಅವರ ಮುಂದೆ ಆಡಿದ್ದಿದ್ರೆ ಸಾಕಾಗಿತ್ತು. ಹೋಗಿ ಹೋಗಿ ಚಿಕ್ಕರಂಗಯ್ಯನಿಗೆ ಹೇಳಿದೆ.