ವಾಲ್ವಿನ ಬೀಗ

"ಇಳಸ್ರಿ," ಎಂದು ಉದ್ದವ್ವ ಚಟ್ಟದ ಬಿದಿರನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಹೊತ್ತ ನಾಲ್ವರೂ ತೂರಾಡಿದರು. ಅವಳ ಗಂಡ ಕರೆಪ್ಪನ ಹೆಣ ಒಂದು ಕಡೆಗೆ ವಾಲಿತು.

ಘೋಡಗೇರಿಯ ಸ್ಮಶಾನದ ದಾರಿ ಕಲ್ಲು ಒಡೆಯುವ ಖಡಿ ಮಶೀನಿನ ಗೇಟಿನ ಮುಂದೆಯೇ ಹಾಯುತ್ತದೆ. ಹದಿನಾಲ್ಕು ವರ್ಷ ದುಡಿದ ಆಳು ಸತ್ತ ದಿನವೂ ಮಶೀನು ನಿಂತಿರಲಿಲ್ಲ. ಅದು ಕಾರುವ ಬಿಳಿ ಧೂಳು ಹೆಣದ ಮೇಲೆ, ಹೂವಿನ ಮೇಲೆ, ಅತ್ತು ಒದ್ದೆಯಾದ ಮುಖಗಳ ಮೇಲೆ ಇಳಿಯುತ್ತಿತ್ತು. ಸತ್ತ ಮೇಲೂ ಗಂಡನನ್ನು ಬಿಡದ ಆ ಧೂಳು ಕಂಡು ಉದ್ದವ್ವನ ಮೈ ಉರಿದುಹೋಯಿತು.

ಹಿರಿಯ ಬೀರಸಿದ್ದಪ್ಪ ಕಾಕಾ ಗದರಿಸಿದ. ಹೆಣವನ್ನು ದಾರಿಯಲ್ಲಿ ಒಂದೇ ಸಲ ಇಳಿಸುವುದು ರೂಢಿ, ಅದು ಬೇವಿನ ಗಿಡದ ಬುಡದಲ್ಲಿ ಆಗಿದೆ, ಇನ್ನೊಮ್ಮೆ ಇಳಿಸಿದರೆ ಮನೆಗೆ ಇನ್ನೊಂದು ಸಾವು ಬರುತ್ತದೆ ಎಂದ.

"ಇನ್ನೊಂದು ಇಲ್ಲೇ ನಿಂತೈತಿ ಕಾಕಾ," ಎಂದು ಉದ್ದವ್ವ ಮುಂದೆ ಹೆಗಲು ಕೊಟ್ಟಿದ್ದ ಮೈದುನ ಪರಶುರಾಮನನ್ನು ತೋರಿಸಿದಳು. "ನಾಳಿ ಇಂವ ಮತ್ತ ಇದ ಕೆಲಸಕ್ಕ ಹೊಂಟಾನ. ಕೆಮ್ಮು ಆಗಲೇ ಸುರು ಆಗೈತಿ. ಮಶೀನಿಗೆ ನೀರ ಬಿಡೂತನಕ ಹೆಣ ಏಳಂಗಿಲ್ಲ."

ಚಟ್ಟ ಗೇಟಿಗೆ ಅಡ್ಡವಾಗಿ ಕೂತಿತು.

*

ನೀರಿನ ಪೈಪು ಮಶೀನಿಗೆ ಇಲ್ಲದೆ ಇರಲಿಲ್ಲ. ಕಲ್ಲು ಬೀಳುವ ಬಾಯಿಗೆ ನೀರು ಸಿಂಪಡಿಸಿದರೆ ಧೂಳು ಏಳುವುದಿಲ್ಲ. ಆದರೆ ಒದ್ದೆ ಪುಡಿ ಜರಡಿಗೆ ಮೆತ್ತಿಕೊಂಡು ಕೆಲಸ ತಡವಾಗುತ್ತದೆಂದು ಮಾಲಕ ಅದನ್ನು ನಿಲ್ಲಿಸಿಬಿಟ್ಟಿದ್ದ. ಹೋದ ಬೇಸಿಗೆಯಲ್ಲಿ ಕರೆಪ್ಪ ತಾನೇ ಹೋಗಿ ವಾಲ್ವು ತಿರುಗಿಸಿದ. ಜರಡಿ ಕಟ್ಟಿಕೊಂಡಿತು, ಲಾರಿಗಳು ಸಾಲುಗಟ್ಟಿದವು. ಆಳುಗಳನ್ನು ದುಡಿಸುವ ಮುಕಾದಮ ಲಕ್ಕಪ್ಪ ಮಶೀನಿನ ಹರಿದ ಬೆಲ್ಟಿನ ತುಂಡಿನಿಂದ ಕರೆಪ್ಪನನ್ನು ಎಲ್ಲರೆದುರು ಬಾರಿಸಿದ, ಬಿದ್ದ ಮೇಲೆ ಎದೆಗೆ ಒದ್ದ. ಆಮೇಲೆ ವಾಲ್ವಿಗೆ ಸರಪಳಿ ಸುತ್ತಿ ಬೀಗ ಜಡಿದ. ನಾಲ್ಕು ಹೆಜ್ಜೆ ಆಚೆ ಸಲಿಕೆ ಹಿಡಿದು ನಿಂತಿದ್ದ ತಮ್ಮ ಪರಶುರಾಮ ತಲೆ ಎತ್ತಲಿಲ್ಲ.

ನೀರಿನ ಬದಲಿಗೆ ಮಾಲಕ ಶನಿವಾರಕ್ಕೊಮ್ಮೆ ಮೂಡಲಗಿ ಬೆಲ್ಲ ಹಂಚುತ್ತಿದ್ದ. ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆಂದು ಆಳುಗಳೆಲ್ಲ ನಂಬಿದ್ದರು, ಉದ್ದವ್ವ ಎಲ್ಲರಿಗಿಂತ ಹೆಚ್ಚು. ಗಂಡನ ಬಾಸುಂಡೆಗಳಿಗೆ ಅರಿಸಿನ ಹಚ್ಚಿ, ಒಲ್ಲೆನೆಂದರೂ ಬಾಯಿಗೆ ಬೆಲ್ಲ ತುರುಕಿ, ಮರುದಿನ ಅವಳೇ ಕೆಲಸಕ್ಕೆ ಅಟ್ಟಿದ್ದಳು. ಗೋಕಾಕದ ಡಾಕ್ಟರು ಎಕ್ಸ್-ರೇ ತೋರಿಸಿ, ಇದು ಟಿ.ಬಿ. ಅಲ್ಲ, ಕಲ್ಲಿನ ಧೂಳು, ಬೆಲ್ಲ ಹೋಗುವುದು ಹೊಟ್ಟೆಗೆ, ಎದೆಗಲ್ಲ ಎಂದು ಹೇಳುವಷ್ಟರಲ್ಲಿ ಕಾಲ ಮಿಂಚಿತ್ತು. ನನ್ನ ಕೈಯಾರೆ ತಿನ್ನಿಸಿ ಸಾಯಲು ಕಳಿಸಿದೆನಲ್ಲ ಎಂದು ಅಂದಿನಿಂದ ಅವಳು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

*

ಲಕ್ಕಪ್ಪ ಕಬ್ಬಿಣದ ರಾಡು ಹಿಡಿದೇ ಗೇಟಿಗೆ ಬಂದ. ಇನ್ನೊಂದು ಕೈಯಲ್ಲಿ ಕಲ್ಲಿನಂತೆ ಗಟ್ಟಿಯಾದ ಬೆಲ್ಲದ ಪೆಂಟೆಯಿತ್ತು. ಮಣ್ಣಿಗೆ ಬಂದವರಿಗೆ ಹಂಚಲು ಮಾಲಕರು ಕಳಿಸಿದ್ದಾರೆಂದ.

"ಟಿ.ಬಿ. ಆಗಿ ಸತ್ತಾನ. ಲಾರಿ ಬರಾಕತ್ತಾವು, ದಾರಿ ಬಿಡು."

ಉದ್ದವ್ವ ಪೆಂಟೆಯನ್ನು ಕಸಿದು ಅವನ ಮುಖಕ್ಕೆ ಅಪ್ಪಳಿಸಿದಳು. ಮೂಗು ಒಡೆದು ರಕ್ತ ಸುರಿಯಿತು. ಅವನು ರಾಡು ಬೀಸಿದ. ಪೆಟ್ಟು ಬಲಹೆಗಲಿಗೆ ಬಿದ್ದು ಅವಳು ಚಟ್ಟದ ಪಕ್ಕದಲ್ಲೇ ಉರುಳಿದಳು.

ಆಗ ಪರಶುರಾಮ ಒಳಕ್ಕೆ ಓಡಿದ. ಬಂಡೆ ಒಡೆಯುವ ಸುತ್ತಿಗೆ ಎತ್ತಿ ವಾಲ್ವಿನ ಬೀಗಕ್ಕೆ ಮೂರು ಏಟು ಹಾಕಿ ಒಡೆದ. ಬೆನ್ನಟ್ಟಿ ಬಂದ ಲಕ್ಕಪ್ಪನ ರಾಡು ಅವನ ಬೆನ್ನಿಗೆ ಬಿತ್ತು, ಆಮೇಲೆ ತಲೆಗೆ. ಕಿವಿ ಹರಿಯಿತು. ಪರಶುರಾಮ ತಿರುಗಿ ನೋಡದೆ ವಾಲ್ವು ತಿರುಗಿಸಿದ. ಪೈಪು ಮೊದಲು ತುಕ್ಕಿನ ನೀರು ಉಗುಳಿತು, ಆಮೇಲೆ ಚಿಮ್ಮಿತು. ಧೂಳು ಅಲ್ಲೇ ಅಡಗಿತು.

ಇಷ್ಟು ಹೊತ್ತು ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತಿದ್ದ ಆಳುಗಳು ಲಕ್ಕಪ್ಪನ ಮೇಲೆ ಬಿದ್ದರು. ರಾಡು ಕಿತ್ತುಕೊಂಡು, ಅವನು ಕೈಮುಗಿಯುವ ತನಕ ಬಡಿದರು. ಬೀರಸಿದ್ದಪ್ಪ ಅಡ್ಡಬಂದು ಬಿಡಿಸಿ, ಇನ್ನಾದರೂ ಹೆಣ ಎತ್ತಿರೆಂದ.

ಪರಶುರಾಮ ಏಳಲಿಲ್ಲ. ವಾಲ್ವನ್ನು ತಬ್ಬಿ ಕೂತಿದ್ದ. ರಕ್ತ ಅಂಗಿಯನ್ನೆಲ್ಲ ತೋಯಿಸಿತ್ತು.

"ನಾ ಬರಾಂಗಿಲ್ಲ ವೈನಿ," ಎಂದು ಅತ್ತಿಗೆಗೆ ಹೇಳಿದ. "ಕೈ ಬಿಟ್ರ ಬಂದ್ ಮಾಡ್ತಾರ. ಅಣ್ಣಗ ನೀವ ಮಣ್ಣ ಕೊಡ್ರಿ."

ಮೂವರು ಚಟ್ಟಕ್ಕೆ ಕೈ ಹಾಕಿದರು. ಮುಂದಿನ ಒಂದು ಮೂಲೆ ಖಾಲಿಯಿತ್ತು. ಹೆಂಗಸರು ಹೆಗಲು ಕೊಡುವ ರೂಢಿಯಿಲ್ಲವೆಂದು ಕಾಕಾ ಕೂಡ ಹೇಳಲಿಲ್ಲ. ಉದ್ದವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟು ಬೀಳದ ಹೆಗಲನ್ನು ಬಿದಿರಿನ ಕೆಳಗೆ ಒಡ್ಡಿ ಎದ್ದಳು.